ಹಣೆಗೆ ಕಟ್ಟಿದ ಬಟ್ಟೆ, ಬಟ್ಟೆಗೆ ಅಂಟಿದ ಹಣೆಪಟ್ಟಿ

ಬಿಳಿ ಪಟ್ಟಿ. ನಡುವೆ ಕೆಂಪು ದುಂಡು. ಅದರ ಎರಡೂ ಬದಿಗೆ ಕಪ್ಪು ಬಣ್ಣದಲ್ಲಿ ಒಂದೊಂದು ಅಕ್ಷರ. ಕರಾಟೆ ಕ್ಲಾಸಿಗೆ ಹೋಗುವ ನಮ್ಮೂರ ಮಕ್ಕಳ ಹಣೆಯ ಮೇಲೂ ಜಪಾನಿನ ಈ ಹಣೆಪಟ್ಟಿಯನ್ನು ನೋಡಿರುತ್ತೀರಿ. ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತದೆ. ಅದರಲ್ಲಿ ಏನು ಬರೆದಿದೆ ಅಂತ ಕೇಳಿದರೆ ಮಾತ್ರ ಕಟ್ಟಿಕೊಂಡವರಿಗೂ ಗೊತ್ತಿರುವುದಿಲ್ಲ, ಮಾರಿದವರಿಗೂ ಗೊತ್ತಿರುವುದಿಲ್ಲ. ಒಂದರಲ್ಲಿ ‘ಹಿಶ್ಶೋ’ ಅಂತ ಇರುತ್ತದೆ. ಖಂಡಿತ ಗೆಲುವು ಅಂತ ಅರ್ಥ. ಪರೀಕ್ಷೆಗೆ ಓದುವ ಹುಡುಗ ಕಟ್ಟಿಕೊಳ್ಳುವಂಥದ್ದು. ಇನ್ನೊಂದರಲ್ಲಿ ‘ಕಮಿಕಾಝೆ’ ಅಂತ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ, ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೇ ವಿಮಾನ ಹತ್ತಿದ ಹುಡುಗರ ನೆನಪಿನದ್ದು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈ ಪಟ್ಟಿಯ ಬಗ್ಗೆ ಮಾತು ಎದ್ದಾಗಲೆಲ್ಲ ಜಗಳ ಆಗುವುದು ಇದರಿಂದಲೇ. ಒಬ್ಬರು ಇದನ್ನು ಯುದ್ಧದ ಗುರುತು ಅನ್ನುತ್ತಾರೆ. ಇನ್ನೊಬ್ಬರು, ಬೆವರು ಒರೆಸುವ ಬಟ್ಟೆಗೆ ಇಷ್ಟೆಲ್ಲ ಯಾಕೆ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡಬೇಕು.

ಜಪಾನಿನಲ್ಲಿ ಇದಕ್ಕೆ ಹಚಿಮಾಕಿ ಅನ್ನುತ್ತಾರೆ. ‘ಹಚಿ’ ಅಂದರೆ ಬಟ್ಟಲು. ತಲೆಯ ಬುರುಡೆಗೂ, ಶಿರಸ್ತ್ರಾಣದ ಗುಂಡಗಿನ ಭಾಗಕ್ಕೂ ಅದೇ ಪದ. ‘ಮಾಕಿ’ ಅಂದರೆ ಸುತ್ತಿದ್ದು. ಬಹಳ ಸಲ ಇದು ಬೇರೆ ಬಟ್ಟೆಯೇನೂ ಅಲ್ಲ, ತೆನುಗುಯಿ. ಕೈ ಒರೆಸುವ ತೆಳ್ಳನೆಯ ಹತ್ತಿ ಬಟ್ಟೆ. ಸುಮಾರು 35 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ. ಅದರ ಎರಡು ತುದಿಗೆ ಹೊಲಿಗೆ ಹಾಕುವುದಿಲ್ಲ, ಕತ್ತರಿಸಿ ಹಾಗೇ ಬಿಡುತ್ತಾರೆ. ಇದರಿಂದ ನೀರು ನಿಲ್ಲುವುದಿಲ್ಲ, ಬೇಗ ಒಣಗುತ್ತದೆ. ಗಾಯ ಆದರೆ ಕೈಯಲ್ಲೇ ಹರಿದು ಕಟ್ಟಬಹುದು. ಮೊದಲ ಕೆಲವು ದಿನ ತುದಿಯಿಂದ ಎಳೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ತಾನೇ ನಿಲ್ಲುತ್ತದೆ. ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ, ಹತ್ತಿ ಬಟ್ಟೆ ಸಾಮಾನ್ಯ ಜನರ ಕೈಗೂ ಸಿಗತೊಡಗಿತು. ಆಗ ತೆನುಗುಯಿ ಮನೆಮನೆಗೆ ಬಂತು.

ಕಟ್ಟುವ ಬಗೆ ಹಲವು. ಮಡಚಿ ಹಿಂದೆ ಗಂಟು ಹಾಕಬಹುದು, ಮುಂದೆ ಹಾಕಬಹುದು. ಎರಡು ತುದಿ ಹಿಡಿದು ಹಗ್ಗದ ಹಾಗೆ ಹೊಸೆದು ತಲೆಗೆ ಸುತ್ತಿ, ತುದಿ ಒಳಗೆ ಸಿಗಿಸಿದರೆ ಅದು ನೆಜಿರಿ ಹಚಿಮಾಕಿ. ಮೀನು ಮಾರುವವರು, ಬಡಗಿಗಳು, ಜಾತ್ರೆಯಲ್ಲಿ ದೇವರ ಪಲ್ಲಕ್ಕಿ ಹೊರುವವರು ಕಟ್ಟುವುದು ಇದನ್ನೇ. ಅಂಗಡಿ ಬೋರ್ಡಿನ ಮೇಲೆ ಆಕ್ಟೋಪಸ್ ಚಿತ್ರ ಬಿಡಿಸಿದರೂ ಅದರ ತಲೆಗೆ ಇದೇ ಹೊಸೆದ ಬಟ್ಟೆ. ನಾವು ಟೊಂಕ ಕಟ್ಟಿ ನಿಂತ ಅನ್ನುತ್ತೇವಲ್ಲ, ಅವರು ‘ನೆಜಿರಿ ಹಚಿಮಾಕಿ ಕಟ್ಟಿ ಕೂತಿದ್ದಾನೆ’ ಅನ್ನುತ್ತಾರೆ. ತಲೆ ಬರಿದಾಗಿದ್ದರೂ ಸರಿ, ಜೋರಾಗಿ ಕೆಲಸ ಮಾಡುತ್ತಿದ್ದರೆ ಸಾಕು.

ಹಳೆಯ ಕಥೆಗಳಲ್ಲೂ ಇದರ ನೆರಳಿದೆ. ಕ್ರಿ.ಶ. 712ರಲ್ಲಿ ಸಂಗ್ರಹವಾದ ಜಪಾನಿನ ಪುರಾಣಗ್ರಂಥ ‘ಕೊಜಿಕಿ’ಯಲ್ಲಿ ಸೂರ್ಯದೇವತೆ ಗುಹೆಯಲ್ಲಿ ಅಡಗಿ ಕೂತ ಪ್ರಸಂಗ ಬರುತ್ತದೆ. ಅವಳನ್ನು ಹೊರಗೆ ಕರೆಯಲು ಕುಣಿದ ದೇವತೆ ಅಮೆ ನೊ ಉಝುಮೆ ತಲೆಗೆ ಬಳ್ಳಿ ಸುತ್ತಿಕೊಂಡಿದ್ದಳು. ಆಮೇಲೆ ಯೋಧರು ಶಿರಸ್ತ್ರಾಣದ ಕೆಳಗೆ ಬಟ್ಟೆ ಕಟ್ಟಿದರು. ಬೆವರು ಕಣ್ಣಿಗೆ ಇಳಿಯಬಾರದು, ಲೋಹ ತಲೆಗೆ ಒತ್ತಬಾರದು, ಅಷ್ಟೇ ಉದ್ದೇಶ. ಕಾಬುಕಿ ರಂಗಭೂಮಿಯಲ್ಲಿ ನೇರಳೆ ಬಣ್ಣದ ಪಟ್ಟಿ ಬಂತು. ಆ ಬಣ್ಣ ಕೊಡುವ ಬೇರಿಗೆ ಔಷಧದ ಗುಣ ಇದೆ ಅಂತ ನಂಬಿಕೆ ಇತ್ತು. ಗಂಟು ಎಡಗಡೆ ಇದ್ದರೆ ಪಾತ್ರಕ್ಕೆ ಕಾಯಿಲೆ ಅಂತ ಲೆಕ್ಕ. ಸುಕೆರೊಕು ಎಂಬ ಗಂಡೆದೆಯ ಪಾತ್ರ ಅದೇ ನೇರಳೆ ಪಟ್ಟಿಯ ಗಂಟನ್ನು ಬಲಗಡೆ ಹಾಕಿಕೊಂಡು ಬರುತ್ತದೆ. ಒಂದು ಅಕ್ಷರವೂ ಇಲ್ಲದ ಬಟ್ಟೆ. ಆದರೂ ಗಂಟು ನೋಡಿದ ತಕ್ಷಣ ಪ್ರೇಕ್ಷಕರಿಗೆ ಎಲ್ಲ ತಿಳಿಯುತ್ತದೆ.

ಬಟ್ಟೆಯ ಮೇಲೆ ಬರೆದ ಮಾತುಗಳಲ್ಲಿ ಅತಿ ಭಾರದ್ದು ‘ಶಿಚಿಶೋ ಹೋಕೊಕು’. ಏಳು ಜನ್ಮ ಎತ್ತಿ ದೇಶದ ಋಣ ತೀರಿಸುತ್ತೇನೆ ಅಂತ. ಇದರ ಬೇರು 1336ರ ಮಿನಾತೊಗಾವಾ ಯುದ್ಧದ ಕಥೆಯಲ್ಲಿದೆ. ಸೋತು ಸಾಯುವ ಮುನ್ನ, ಚಕ್ರವರ್ತಿಯ ಪರ ಹೋರಾಡಿದ ಕುಸುನೊಕಿ ಸಹೋದರರು, ಏಳು ಸಲ ಹುಟ್ಟಿ ಬಂದು ಚಕ್ರವರ್ತಿಯ ಶತ್ರುಗಳನ್ನು ನಾಶ ಮಾಡಬೇಕು ಅಂತ ಆಸೆಪಟ್ಟರಂತೆ. ಆ ಮಾತನ್ನು ಆಧುನಿಕ ಜಪಾನು ದೇಶದ ಹೆಸರಿಗೆ ತಿರುಗಿಸಿಕೊಂಡಿತು. ಅದು ಹಣೆಯ ಮೇಲೂ ಬಂತು.

1944ರ ಅಕ್ಟೋಬರಿನಲ್ಲಿ ಫಿಲಿಪ್ಪೀನ್ಸಿನ ಲೇಟೆ ಕೊಲ್ಲಿಯಲ್ಲಿ ಕಮಿಕಾಝೆ ಪೈಲಟ್‌ಗಳ ಆತ್ಮಾಹುತಿ ದಾಳಿಗಳು ಶುರುವಾದವು. 1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ನಡುವೆ ಹತ್ತು ತಿಂಗಳು. ಇಡೀ ಜಗತ್ತು ಹಚಿಮಾಕಿಯನ್ನು ನೆನಪಿಟ್ಟುಕೊಂಡಿರುವುದು ಈ ಹತ್ತು ತಿಂಗಳಿಂದ. ದಕ್ಷಿಣದ ಕಗೊಶಿಮಾ ಪ್ರಾಂತ್ಯದ ಚಿರಾನ್ ಒಂದು ಸಣ್ಣ ಊರು, ಈಗಲೂ ಚಹಾ ತೋಟಗಳಿಗೆ ಹೆಸರಾದದ್ದು. ಓಕಿನಾವಾ ಹೋರಾಟದಲ್ಲಿ ಸತ್ತ ಸೇನೆಯ ಆತ್ಮಾಹುತಿ ಪೈಲಟ್‌ಗಳು 1,036 ಮಂದಿ. ಅವರಲ್ಲಿ 439 ಮಂದಿ ಹೊರಟದ್ದು ಚಿರಾನಿನಿಂದ. ಹದಿನೇಳು ವರ್ಷದವರೂ ಇದ್ದರು. ಅವರ ಬಟ್ಟೆ ಒಗೆದು, ಹರಿದದ್ದು ಹೊಲಿದು ಕೊಟ್ಟದ್ದು ಊರಿನ ಹೈಸ್ಕೂಲ್ ಹುಡುಗಿಯರು. ಹೊರಡುವ ವಿಮಾನಕ್ಕೆ ಚೆರ್ರಿ ಹೂವಿನ ಕೊಂಬೆ ಬೀಸುತ್ತಾ ನಿಂತ ಅವರ ಫೋಟೊ ಇದೆ, 1945ರ ಏಪ್ರಿಲ್ 12ರದು. ಅದೇ ವಯಸ್ಸಿನ ಲಕ್ಷಾಂತರ ಮಕ್ಕಳನ್ನು ಶಾಲೆ ಬಿಡಿಸಿ ಶಸ್ತ್ರಾಸ್ತ್ರ ಕಾರ್ಖಾನೆಗೆ ಕಳಿಸಿದ್ದರು. ಅವರ ಹಣೆಗೂ ಕೆಂಪು ದುಂಡಿನ ಬಿಳಿ ಪಟ್ಟಿ.

ಯುದ್ಧ ಮುಗಿದ ಮೇಲೆ ಈ ಬಟ್ಟೆಯನ್ನು ಜನ ಮರೆಯಬಹುದಿತ್ತು. ಆದದ್ದು ಉಲ್ಟಾ. 1936ರಿಂದ ನಿಷೇಧದಲ್ಲಿದ್ದ ಮೇ ದಿನಾಚರಣೆ 1946ರಲ್ಲಿ ಮತ್ತೆ ಬಂತು. ಹಸಿದ ಜನ ಬೀದಿಗೆ ಇಳಿದರು. ಮುಂದಿನ ವರ್ಷಗಳಲ್ಲಿ ಕಾರ್ಮಿಕರ ಸಭೆ ಅಂದರೆ ಹಚಿಮಾಕಿ ಅನ್ನುವಂತಾಯಿತು. ‘ಸಾಯಲು ಸಿದ್ಧ’ ಅನ್ನುವ ಮಾತು ಇದ್ದ ಜಾಗದಲ್ಲಿ ‘ದಂಕೆತ್ಸು’, ಅಂದರೆ ಒಗ್ಗಟ್ಟು, ಅಂತ ಬಂತು. ದೇಶದ ಸಂಘಗಳೆಲ್ಲ ವಸಂತದಲ್ಲಿ ಒಟ್ಟಿಗೆ ಸಂಬಳ ಕೇಳುವ ‘ಶುಂತೊ’ ಪದ್ಧತಿ 1955ರಲ್ಲಿ ಶುರುವಾಯಿತು. 1960ರಲ್ಲಿ ಕ್ಯೂಶು ದ್ವೀಪದ ಮೀಕೆ ಕಲ್ಲಿದ್ದಲು ಗಣಿಯಲ್ಲಿ 1,200ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯುವ ನಿರ್ಧಾರದ ವಿರುದ್ಧ ತಿಂಗಳುಗಟ್ಟಲೆ ಹೋರಾಟ ನಡೆಯಿತು. ಗಣಿಯವರ ಹೆಂಡಂದಿರೂ ಸಂಘ ಕಟ್ಟಿಕೊಂಡು ಜೊತೆಗೆ ನಿಂತರು. ಕೊನೆಗೆ ಅವರು ಸೋತರು. ಕಲ್ಲಿದ್ದಲಿನ ಕಾಲವೇ ಮುಗಿಯುತ್ತಿತ್ತು, ಪೆಟ್ರೋಲಿಯಂ ಬಂದಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಭಾಷಣಗಳಲ್ಲಿ, ಫಾರ್ವರ್ಡ್ ಮೆಸೇಜುಗಳಲ್ಲಿ ಒಂದು ಕಥೆ ಓಡಾಡುತ್ತಿರುತ್ತದೆ. ಜಪಾನಿನವರು ಮುಷ್ಕರ ಮಾಡುವುದೇ ಇಲ್ಲವಂತೆ, ಕಪ್ಪು ಪಟ್ಟಿ ಕಟ್ಟಿಕೊಂಡು ದಿನಕ್ಕಿಂತ ಜಾಸ್ತಿ ಕೆಲಸ ಮಾಡಿ ಮಾಲೀಕರಿಗೆ ನಾಚಿಕೆ ಆಗುವ ಹಾಗೆ ಮಾಡುತ್ತಾರಂತೆ. ನಾನೂ ಶಾಲೆಯಲ್ಲಿ ಕೇಳಿದ್ದೆ, ನಂಬಿದ್ದೆ. ಇದರಲ್ಲಿ ಒಂದೆಳೆ ನಿಜ ಇದೆ. ಎದೆಗೆ ರಿಬ್ಬನ್, ತೋಳಿಗೆ ಪಟ್ಟಿ, ತಲೆಗೆ ಹಚಿಮಾಕಿ ಕಟ್ಟಿಕೊಂಡೇ ಕೆಲಸ ಮಾಡುವ ಪ್ರತಿಭಟನೆ ಅಲ್ಲಿ ಇತ್ತು. ಆದರೆ ಜಾಸ್ತಿ ದುಡಿಯುವುದಕ್ಕಲ್ಲ. ಸಂಬಳ ಕಳೆದುಕೊಳ್ಳದೆ, ಗ್ರಾಹಕರ ಕಣ್ಣೆದುರೇ ‘ನಾವು ಒಪ್ಪಿಲ್ಲ’ ಅಂತ ತೋರಿಸುವುದಕ್ಕೆ. ಅದನ್ನೂ ಮಾಲೀಕರು ಸುಮ್ನೆ ಬಿಡಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. ಒಂದು ಹೋಟೆಲ್ ಪ್ರಕರಣದಲ್ಲಿ, ಕೆಲಸದ ಹೊತ್ತಿನಲ್ಲಿ ರಿಬ್ಬನ್ ಧರಿಸುವುದು ಸರಿಯಾದ ಹೋರಾಟ ಅಲ್ಲ ಅಂತ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. ಇನ್ನು ಮುಷ್ಕರದ ವಿಷಯಕ್ಕೆ ಬಂದರೆ, 1974ರ ಒಂದೇ ವರ್ಷದಲ್ಲಿ ಅಲ್ಲಿ ಅರ್ಧ ದಿನಕ್ಕಿಂತ ಕಡಿಮೆ ಇಲ್ಲದ 5,000ಕ್ಕೂ ಹೆಚ್ಚು ಮುಷ್ಕರ ನಡೆದವು. 1975ರ ನವೆಂಬರ್ ಕೊನೆಯಲ್ಲಿ ಸರ್ಕಾರಿ ರೈಲುಗಳು ಎಂಟು ದಿನ ನಿಂತವು. ರೈಲ್ವೆ ನೌಕರರು ಕೇಳಿದ್ದು ಬೋನಸ್ ಅಲ್ಲ, ಮುಷ್ಕರ ಮಾಡುವ ಹಕ್ಕನ್ನು. ಅವರಿಗೆ ಅದು ಕಾನೂನಿನಲ್ಲಿ ಇರಲಿಲ್ಲ. ಆ ಮುಷ್ಕರದಿಂದ ಹಕ್ಕು ಸಿಗಲೂ ಇಲ್ಲ. ನಮಗೆ ತಲುಪಿದ ಕಥೆಯಲ್ಲಿ ಈ ಎಂಟು ದಿನ ಎಲ್ಲಿ ಹೋದವೋ! ವಿಧೇಯ ಕಾರ್ಮಿಕನ ಚಿತ್ರ ಎಷ್ಟೋ ಜನಕ್ಕೆ ಬೇಕಾಗಿತ್ತು, ಅದಕ್ಕೇ ಅದು ಉಳಿಯಿತು ಅಂತ ನನಗೆ ಅನ್ನಿಸುತ್ತದೆ.

ಇದೇ ಕಾಲದಲ್ಲಿ ಇನ್ನೊಂದು ಕಡೆಯಿಂದ ಹಳೆಯ ಅಕ್ಷರಗಳೂ ವಾಪಸ್ ಬಂದವು. 1970ರ ನವೆಂಬರ್ 25ರಂದು ಲೇಖಕ ಯುಕಿಯೊ ಮಿಶಿಮಾ ಟೋಕಿಯೊದ ಸೇನಾ ಕಚೇರಿಯ ಬಾಲ್ಕನಿಯಲ್ಲಿ ನಿಂತು ಸೈನಿಕರಿಗೆ ದಂಗೆ ಏಳಲು ಕರೆ ಕೊಟ್ಟರು. ಯಾರೂ ಕೇಳಲಿಲ್ಲ. ಒಳಗೆ ಹೋಗಿ ಹೊಟ್ಟೆ ಸೀಳಿಕೊಂಡು ಸತ್ತರು. ಅವರ ಹಣೆಯ ಮೇಲಿದ್ದದ್ದು ‘ಶಿಚಿಶೋ ಹೋಕೊಕು’. ಹೊರದೇಶದ ಪತ್ರಿಕೆಗಳಲ್ಲಿ ಆ ಫೋಟೊ ಬಂದದ್ದೇ ಬಂದದ್ದು. ರೈಲು ನಿಲ್ಲಿಸಿದವರ ಮುಖ ಯಾರಿಗೂ ನೆನಪಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಟ್ಯೂಷನ್ ಕೇಂದ್ರಗಳು ಮಕ್ಕಳ ಹಣೆಗೆ ಹಿಶ್ಶೋ ಕಟ್ಟಿಸಿದವು. ಓದನ್ನೇ ‘ಪರೀಕ್ಷಾ ಯುದ್ಧ’ ಅಂತ ಕರೆಯುವ ರೂಢಿ ಬಂತು. ಚುನಾವಣೆಯಲ್ಲಿ ಅಭ್ಯರ್ಥಿಗಳೂ ಅದನ್ನೇ ಕಟ್ಟಿಕೊಂಡು, ಮುಷ್ಟಿ ಎತ್ತಿ ‘ಗನ್‌ಬರೋ’, ಅಂದರೆ ಜೋರಾಗಿ ಪ್ರಯತ್ನಿಸೋಣ, ಅಂತ ಕೂಗುತ್ತಾರೆ. ಶಾಲೆಯ ಆಟೋಟದಲ್ಲಿ ಒಂದು ತಂಡಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ. ಅದು 1180ರಿಂದ 1185ರವರೆಗೆ ಹೊಡೆದಾಡಿದ ತೈರಾ ಮತ್ತು ಮಿನಾಮೊತೊ ಮನೆತನಗಳ ಬಾವುಟದ ಬಣ್ಣ.

ಕೊರಿಯಾದ ವಿಷಯ ಇನ್ನೂ ಸೂಕ್ಷ್ಮ. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ ಕಂಡ ಜನ ಅವರು. ಜಪಾನೀ ಸೇನೆಯ ಬಾವುಟದಲ್ಲಿದ್ದ, ಕಿರಣಗಳು ಹರಡಿದ ಸೂರ್ಯನ ಗುರುತು ಯಾವ ಬಟ್ಟೆಯ ಮೇಲಿದ್ದರೂ ಅವರಲ್ಲಿ ಅನೇಕರಿಗೆ ನೋವಾಗುತ್ತದೆ. ಅದನ್ನು ಫ್ಯಾಷನ್ ಅಂತ ಮಾರುವವರು ಇದನ್ನು ಒಂದು ಸಲ ಯೋಚಿಸಬೇಕು. ಅದೇ ಕೊರಿಯಾದಲ್ಲಿ ಕಾರ್ಮಿಕರು ಬೀದಿಗೆ ಇಳಿದಾಗ ಹಣೆಗೆ ಕೆಂಪು ಪಟ್ಟಿ ಕಟ್ಟುತ್ತಾರೆ. ಅದರ ಮೇಲೆ ‘ದಂಗ್ಯೊಲ್ ತುಜೆಂಗ್’, ಒಗ್ಗಟ್ಟಿನ ಹೋರಾಟ, ಅಂತ ಇರುತ್ತದೆ. ಜಪಾನಿನ ದಂಕೆತ್ಸು, ಕೊರಿಯಾದ ದಂಗ್ಯೊಲ್ ಎರಡೂ ಒಂದೇ ಚೀನೀ ಅಕ್ಷರಗಳಿಂದ ಬಂದ ಪದ.

ಯುದ್ಧದ ಪಟ್ಟಿಗಳು ಮ್ಯೂಸಿಯಂನಲ್ಲಿವೆ, ಅಲ್ಲಿರುವುದೇ ಸರಿ. ಬಟ್ಟೆ ಮಾತ್ರ ಹೊರಗೆ ಬದುಕಿದೆ. ಫುಕುಓಕಾದಲ್ಲಿ ಪ್ರತಿ ವರ್ಷ ಜುಲೈ 15ರಂದು ಬೆಳಗಿನ ಜಾವ 4 ಗಂಟೆ 59 ನಿಮಿಷಕ್ಕೆ ಹಕಾತಾ ಗಿಯೋನ್ ಯಾಮಾಕಾಸಾ ಹಬ್ಬದ ಓಟ ಶುರುವಾಗುತ್ತದೆ. ಒಂದು ಟನ್‌ನಷ್ಟು ಭಾರದ ಅಲಂಕಾರದ ಮಂಟಪವನ್ನು ಹೆಗಲ ಮೇಲೆ ಹೊತ್ತು ಸುಮಾರು 5 ಕಿಲೋಮೀಟರ್ ಓಡುತ್ತಾರೆ. ಎಲ್ಲರ ತಲೆಗೂ ತೆನುಗುಯಿ. ಅದರ ಬಣ್ಣ ನೋಡಿ ಯಾರ ಜವಾಬ್ದಾರಿ ಏನು ಅಂತ ಹೇಳಬಹುದು. ಕೆಂಪು ತೆನುಗುಯಿ ಸಿಗಬೇಕಾದರೆ ವರ್ಷಗಟ್ಟಲೆ ಹೆಗಲು ಕೊಟ್ಟಿರಬೇಕು, ಹಿರಿಯರು ಒಪ್ಪಿರಬೇಕು. ದಾರಿಯ ಎರಡೂ ಬದಿಯಿಂದ ಜನ ಬಕೆಟ್‌ಗಟ್ಟಲೆ ನೀರು ಎರಚುತ್ತಾರೆ. ಓಟ ಮುಗಿಯುವ ಹೊತ್ತಿಗೆ ತಲೆಯ ಬಟ್ಟೆ ತೊಪ್ಪೆಯಾಗಿರುತ್ತದೆ. ಬಿಚ್ಚಿ, ಹಿಂಡಿ, ಅದರಲ್ಲೇ ಮುಖ ಒರೆಸಿಕೊಳ್ಳಬಹುದು.