ಪದ ಪರಿಚಯ: ‘ಜ್ಲಾಟನೇರಾ’ – ಸ್ಟ್ರೈಕರ್ ಒಬ್ಬರ ಹೆಸರು ಕ್ರಿಯಾಪದವಾದ ಬಗೆ

ಸ್ವೀಡಿಷ್ ಭಾಷೆಯಲ್ಲಿ ‘ಜ್ಲಾಟನೇರಾ’ ಎಂಬ ಕ್ರಿಯಾಪದವೊಂದಿದೆ. ಒಂದು ಕೆಲಸವನ್ನು ಬಲದಿಂದ ಸಾಧಿಸುವುದು, ಎದುರಿಗಿರುವವರ ಮೇಲೆ ಮೇಲುಗೈ ಪಡೆಯುವುದು ಎಂದು ಅದರ ಅರ್ಥ. ಸ್ವೀಡನ್ನಿನ ಭಾಷಾ ಮಂಡಳಿಯು ಪ್ರತಿ ವರ್ಷದ ಕೊನೆಯಲ್ಲಿ ಹೊರತರುವ ಹೊಸ ಪದಗಳ ಪಟ್ಟಿಯಲ್ಲಿ 2012ರಲ್ಲಿ ಈ ಪದ ಕಾಣಿಸಿಕೊಂಡಿತು. ಇದು ಹುಟ್ಟಿದ್ದು ಆ ದೇಶದ ಫುಟ್‌ಬಾಲ್ ಸ್ಟ್ರೈಕರ್ ಜ್ಲಾಟನ್ ಇಬ್ರಾಹಿಮೋವಿಚ್ ಅವರ ಹೆಸರಿನಿಂದ. ಆಗ ಅವರಿಗೆ 31 ವರ್ಷ. ಇನ್ನೂ ಹತ್ತು ವರ್ಷಗಳ ಆಟ ಅವರ ಕಾಲುಗಳಲ್ಲಿ ಉಳಿದಿತ್ತು. ವ್ಯಕ್ತಿಯೊಬ್ಬ ಮೈದಾನದಲ್ಲಿ ಓಡಾಡುತ್ತಿರುವಾಗಲೇ ಅವನ ಹೆಸರು ತನ್ನ ನಾಡಿನ ಭಾಷೆಯಲ್ಲಿ ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ರೂಪಗಳನ್ನು ಪಡೆದುಕೊಳ್ಳುವುದು ತೀರ ಅಪರೂಪ.

ಪದದ ಕಟ್ಟೋಣವನ್ನು ಮೊದಲು ನೋಡಬೇಕು. ಸ್ವೀಡಿಷ್‌ನಲ್ಲಿ ‘-ಏರಾ’ ಎಂಬುದು ಪರಭಾಷೆಯ ಪದಗಳನ್ನು ಕ್ರಿಯಾಪದವಾಗಿಸುವ ಪ್ರತ್ಯಯ. ಓದುವುದಕ್ಕೆ ‘ಸ್ಟುಡೇರಾ’, ವಾಹನ ನಿಲ್ಲಿಸುವುದಕ್ಕೆ ‘ಪಾರ್ಕೇರಾ’, ಚಿತ್ರ ತೆಗೆಯುವುದಕ್ಕೆ ‘ಫೋಟೋಗ್ರಾಫೇರಾ’ ಎಂದು ಅಲ್ಲಿಯವರು ದಿನವೂ ಹೇಳುತ್ತಾರೆ. ನಮ್ಮ ಕನ್ನಡದಲ್ಲಿ ‘ಇಸು’ ಮಾಡುವ ಕೆಲಸವೂ ಇದೇ. ಸಂಸ್ಕೃತದ ‘ಭಾವ’ ನಮ್ಮಲ್ಲಿ ‘ಭಾವಿಸು’ ಆಯಿತು, ‘ಕಲ್ಪನೆ’ಯಿಂದ ‘ಕಲ್ಪಿಸು’ ಬಂದಿತು, ಈಚೆಗೆ ‘ಗೂಗಲಿಸು’ ಎಂಬುದೂ ಬಳಕೆಗೆ ಬಂದಿದೆ. ಈ ಲೆಕ್ಕದಲ್ಲಿ ‘ಜ್ಲಾಟನೇರಾ’ ಎಂಬುದನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ‘ಜ್ಲಾಟನಿಸು’ ಎಂದಾಗುತ್ತದೆ.

ವ್ಯಕ್ತಿಯ ಹೆಸರು ಗುಣದ ಹೆಸರಾಗುವುದು ನಮಗೆ ಹೊಸದಲ್ಲ. ಭಗೀರಥ ಪ್ರಯತ್ನ, ಕುಂಭಕರ್ಣ ನಿದ್ರೆ ಎನ್ನುತ್ತೇವೆ. ಇಬ್ಬರ ನಡುವೆ ತಂದಿಡುವವನನ್ನು ನಾರದ ಎಂದು ಕರೆಯುತ್ತೇವೆ. ಆದರೆ ಇವೆಲ್ಲ ನಾಮಪದಗಳಾಗಿಯೇ ಉಳಿದಿವೆ. ಯಾರೂ ‘ಭಗೀರಥಿಸು’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಫುಟ್‌ಬಾಲಿನಲ್ಲಿಯೂ ಹಾಗೆಯೇ. 1976ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆಂಟೊನಿನ್ ಪಾನೆಂಕಾ ಚೆಂಡನ್ನು ಮೆಲ್ಲಗೆ ಮೇಲಕ್ಕೆತ್ತಿ ಹೊಡೆದ ಪೆನಾಲ್ಟಿಗೆ ಅವರದೇ ಹೆಸರು ಅಂಟಿಕೊಂಡಿತು, ಆದರೆ ಅದು ಒಂದು ಹೊಡೆತದ ಹೆಸರು ಮಾತ್ರ. ಕ್ರಿಯಾಪದವಾಗಲು ಹೊರಟ ಹೆಸರಿಗೆ ಭಾರತದಿಂದಲೇ ಒಂದು ಉದಾಹರಣೆ ಇದೆ. 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ವಿನೂ ಮಂಕಡ್ ಅವರು, ಚೆಂಡು ಎಸೆಯುವ ಮೊದಲೇ ಕ್ರೀಸ್ ಬಿಟ್ಟಿದ್ದ ಬಿಲ್ ಬ್ರೌನ್ ಅವರನ್ನು ರನೌಟ್ ಮಾಡಿದ್ದರಿಂದ ‘ಮಂಕಡಿಂಗ್’ ಎಂಬ ಮಾತು ಹುಟ್ಟಿತು. ನಿಯಮಕ್ಕೆ ಒಪ್ಪುವ ಕೆಲಸವನ್ನೇ ಮಾಡಿದ ದೊಡ್ಡ ಆಟಗಾರರೊಬ್ಬರ ಹೆಸರು ಮೋಸದ ಛಾಯೆಯ ಪದವಾಗಿ ಉಳಿದದ್ದು ಅನ್ಯಾಯವೆಂದೇ ನನ್ನ ಭಾವನೆ. ಜ್ಲಾಟನ್ ಅವರ ಹೆಸರಿಗೆ ಬಂದ ಅರ್ಥದಲ್ಲಿ ಅಂಥ ಕಳಂಕವಿಲ್ಲ, ಮೆಚ್ಚುಗೆಯೇ ಹೆಚ್ಚು.

ಪದದ ತವರು ಸ್ವೀಡನ್ ಅಲ್ಲ ಎಂಬುದು ಇದರ ಚರಿತ್ರೆಯ ಸ್ವಾರಸ್ಯಕರ ಭಾಗ. 2012ರ ಜುಲೈನಲ್ಲಿ ಜ್ಲಾಟನ್ ಮಿಲಾನ್‌ನಿಂದ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ಬಿಗೆ ಬಂದರು. ಆರಡಿ ಐದಂಗುಲದ ಆಸುಪಾಸಿನ ಈ ಆಟಗಾರ ಮೈದಾನದಲ್ಲಿ ತೋರಿಸಿದ ಆರ್ಭಟವೂ, ತಮ್ಮನ್ನು ತಾವೇ ‘ಜ್ಲಾಟನ್’ ಎಂದು ಮೂರನೆಯವರಂತೆ ಹೆಸರಿಸಿ ಮಾತನಾಡುವ ರೀತಿಯೂ ಫ್ರೆಂಚರಿಗೆ ಹೊಸದಾಗಿದ್ದವು. ಕನಾಲ್ ಪ್ಲೂಸ್ ಎಂಬ ಟಿ.ವಿ. ವಾಹಿನಿಯಲ್ಲಿ ರಾಜಕಾರಣಿಗಳನ್ನೂ ಆಟಗಾರರನ್ನೂ ಬೊಂಬೆಗಳ ಮೂಲಕ ವಿಡಂಬಿಸುವ ಕಾರ್ಯಕ್ರಮವೊಂದಿತ್ತು. ಅಲ್ಲಿಯ ಜ್ಲಾಟನ್ ಬೊಂಬೆಯ ಬಾಯಿಂದ ‘ಜ್ಲಾಟನೇ’ ಎಂಬ ಫ್ರೆಂಚ್ ಕ್ರಿಯಾಪದ ಹೊರಟಿತು. ಬೊಂಬೆಯ ಮಾತು ಜನರ ಮಾತಾಯಿತು, ಪತ್ರಿಕೆಗಳ ತಲೆಬರಹಕ್ಕೂ ಏರಿತು, ಅಲ್ಲಿಂದ ಸ್ವೀಡನ್ನಿಗೆ ಹೋಗಿ ‘-ಏರಾ’ ಪ್ರತ್ಯಯವನ್ನು ಧರಿಸಿತು. ತನ್ನ ಮಗನ ಹೆಸರಿನಿಂದ ಹುಟ್ಟಿದ ಪದವನ್ನು ಸ್ವೀಡನ್ ಪರದೇಶದಿಂದ ಎರವಲು ತಂದುಕೊಂಡಿತು.

ಆದರೂ ಸ್ವೀಡನ್ನಿನ ಜನ ಈ ಪದವನ್ನು ಕೇಳಿದಾಗ ನೆನೆಸಿಕೊಳ್ಳುವುದು ಪ್ಯಾರಿಸ್ಸಿನ ಬೊಂಬೆಯನ್ನಲ್ಲ, 2012ರ ನವೆಂಬರ್ 14ರ ರಾತ್ರಿಯನ್ನು. ಸ್ಟಾಕ್‌ಹೋಮ್‌ಗೆ ಹೊಂದಿಕೊಂಡ ಸೋಲ್ನಾದಲ್ಲಿ ಹೊಸದಾಗಿ ಕಟ್ಟಿದ ರಾಷ್ಟ್ರೀಯ ಕ್ರೀಡಾಂಗಣದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು, ಎದುರಾಳಿ ಇಂಗ್ಲೆಂಡ್. 20ನೇ ನಿಮಿಷದಲ್ಲಿ ಜ್ಲಾಟನ್ ಮೊದಲ ಗೋಲು ಹೊಡೆದರು. ವಿರಾಮಕ್ಕೆ ಮೊದಲೇ ಇಂಗ್ಲೆಂಡ್ ಎರಡು ಗೋಲು ಗಳಿಸಿ ಮುಂದಾಯಿತು. 77ನೇ ನಿಮಿಷದಲ್ಲಿ ಎದೆಯ ಮೇಲೆ ಚೆಂಡನ್ನು ಇಳಿಸಿಕೊಂಡು ಸಮಬಲ ತಂದ ಅವರು, 84ನೇ ನಿಮಿಷದಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವಂಥ ಫ್ರೀ ಕಿಕ್‌ನಿಂದ ಮೂರನೆಯದನ್ನು ಸೇರಿಸಿದರು. ನಿಗದಿತ ಸಮಯ ಮುಗಿದ ಮೇಲೆ ಬಂದದ್ದು ನಾಲ್ಕನೆಯದು. ಎತ್ತರದಲ್ಲಿ ಬರುತ್ತಿದ್ದ ಚೆಂಡನ್ನು ತಡೆಯಲು ಇಂಗ್ಲೆಂಡಿನ ಗೋಲ್‌ಕೀಪರ್ ಜೋ ಹಾರ್ಟ್ ಪೆನಾಲ್ಟಿ ಆವರಣದಿಂದ ಹೊರಗೆ ಓಡಿಬಂದು ತಲೆಯಿಂದ ಹೊಡೆದರು. ಚೆಂಡು ಮತ್ತೆ ಮೇಲಕ್ಕೆದ್ದಿತು. ಗೋಲಿಗೆ ಬೆನ್ನು ಮಾಡಿದ್ದ ಜ್ಲಾಟನ್, ಸುಮಾರು 30 ಗಜ ದೂರದಿಂದ, ನೆಲ ಬಿಟ್ಟು ಮಲಗಿದ ಭಂಗಿಯಲ್ಲಿ ಗಾಳಿಗೇರಿ ಬಲಗಾಲನ್ನು ತಲೆಯ ಮೇಲಿಂದ ಬೀಸಿದರು. ಹಾರ್ಟ್ ಅವರ ತಲೆಯ ಮೇಲೆ ಹಾದ ಚೆಂಡು, ಗೋಲಿನ ಗೆರೆಯತ್ತ ಧಾವಿಸಿ ಜಾರಿದ ಡಿಫೆಂಡರನ ಕಾಲಿಗೂ ಸಿಗದೆ ಬಲೆಯೊಳಗೆ ಇಳಿಯಿತು. ಸ್ವೀಡನ್ 4–2ರಿಂದ ಗೆದ್ದಿತು, ನಾಲ್ಕೂ ಗೋಲು ಒಬ್ಬರದೇ. ವರ್ಷದ ಅತ್ಯುತ್ತಮ ಗೋಲಿಗೆ ಕೊಡುವ ಪುಷ್ಕಾಶ್ ಪ್ರಶಸ್ತಿ 2013ರ ಸಾಲಿಗೆ ಇದಕ್ಕೇ ಬಂದಿತು. ಕೆಲವೇ ವಾರಗಳಲ್ಲಿ ಭಾಷಾ ಮಂಡಳಿಯ ಪಟ್ಟಿ ಹೊರಬಿದ್ದುದರಿಂದ, ಪದ ಹುಟ್ಟಿದ್ದು ಈ ಗೋಲಿನಿಂದ ಎಂದು ಹಲವರು ಭಾವಿಸಿದರು. ಅದು ನಿಜವಲ್ಲ, ಆದರೆ ಪದಕ್ಕೆ ಆಧಾರವಾಗಿ ತೋರಿಸಲು ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆ ಇಲ್ಲ.

ಈ ಗೋಲಿನಲ್ಲಿ ಗಮನಿಸಬೇಕಾದದ್ದು ಬಲವೊಂದೇ ಅಲ್ಲ. ಚೆಂಡನ್ನು ನಿಲ್ಲಿಸಿಕೊಂಡು, ತಿರುಗಿ, ನೋಡಿ ಹೊಡೆಯುವ ಸುರಕ್ಷಿತ ದಾರಿ ಅವರಿಗೆ ತೆರೆದಿತ್ತು. ಅವರು ಅದನ್ನು ಹಿಡಿಯಲಿಲ್ಲ. ‘ಜ್ಲಾಟನೇರಾ’ ಎಂಬುದರ ಅರ್ಥದೊಳಗೆ ಈ ಆಯ್ಕೆಯೂ ಸೇರಿದೆ ಎಂದು ನಾನು ಬಲವಾಗಿ ನಂಬುತ್ತೇನೆ. ಅಷ್ಟು ಎತ್ತರದ ಆಟಗಾರರು ಸಾಮಾನ್ಯವಾಗಿ ತಲೆಯನ್ನು ನೆಚ್ಚುತ್ತಾರೆ. ಬಾಲ್ಯದಲ್ಲಿ ಟೇಕ್ವಾಂಡೊ ಕಲಿತಿದ್ದ ಜ್ಲಾಟನ್ ತಲೆಯೆತ್ತರದ ಚೆಂಡಿಗೂ ಕಾಲನ್ನೇ ಎತ್ತುತ್ತಿದ್ದರು. 2004ರ ಯುರೋ ಕೂಟದಲ್ಲಿ ಇಟಲಿಯ ವಿರುದ್ಧ ಪಂದ್ಯ ಮುಗಿಯುತ್ತಿದ್ದ ಹೊತ್ತಿನಲ್ಲಿ, ಗೋಲಿಗೆ ಬೆನ್ನು ಹಾಕಿ, ಹಾರಿ, ಹಿಮ್ಮಡಿಯಿಂದ ಚೆಂಡನ್ನು ಮೇಲಿನ ಮೂಲೆಗೆ ತಳ್ಳಿ ಅವರು 1–1ರ ಸಮಬಲ ತಂದದ್ದನ್ನು ನೋಡಿದವರಿಗೆ ಆ ಕಾಲಿನ ಶಿಕ್ಷಣ ಎಲ್ಲಿಯದೆಂದು ತಿಳಿಯುತ್ತದೆ.

ಹೆಸರಿನ ಮೂಲಕ್ಕೆ ಬರೋಣ. ದಕ್ಷಿಣ ಸ್ಲಾವಿಕ್ ಭಾಷೆಗಳಲ್ಲಿ ‘ಜ್ಲಾಟೊ’ ಎಂದರೆ ಚಿನ್ನ. ಜ್ಲಾಟನ್ ಎಂದರೆ ಚಿನ್ನದಂಥವನು, ನಮ್ಮ ಹೊನ್ನಪ್ಪ ಇದ್ದ ಹಾಗೆ. ತಂದೆ ಬೋಸ್ನಿಯಾದಿಂದ, ತಾಯಿ ಕ್ರೊಯೇಷಿಯಾದ ಕಡೆಯಿಂದ ಸ್ವೀಡನ್ನಿಗೆ ವಲಸೆ ಬಂದವರು. 1981ರ ಅಕ್ಟೋಬರ್ 3ರಂದು ಮಾಲ್ಮೊ ನಗರದಲ್ಲಿ ಹುಟ್ಟಿದ ಹುಡುಗ ಬೆಳೆದದ್ದು ರೂಸೆನ್‌ಗೋರ್ಡ್ ಎಂಬ ಬಡಾವಣೆಯಲ್ಲಿ, ವಲಸೆ ಬಂದ ಕುಟುಂಬಗಳೇ ಹೆಚ್ಚಾಗಿರುವ ಅಪಾರ್ಟ್‌ಮೆಂಟುಗಳ ನಡುವಿನ ಇಕ್ಕಟ್ಟಾದ ಅಂಗಳಗಳಲ್ಲಿ ಚೆಂಡು ಹೊಡೆಯುತ್ತ. ಸ್ವೀಡಿಷ್‌ನಲ್ಲಿ ‘ಜ’ಕಾರದ ಆ ಘೋಷ ಧ್ವನಿಯೇ ಇಲ್ಲ, ಅಲ್ಲಿಯವರ ಬಾಯಲ್ಲಿ ಅವರ ಹೆಸರು ‘ಸ್ಲಾಟನ್’ ಎಂದೇ ಕೇಳಿಸುತ್ತದೆ. ಉಚ್ಚರಿಸಲು ಒಗ್ಗದ ವಲಸಿಗ ಹೆಸರೊಂದು ಆ ಭಾಷೆಯದೇ ಕ್ರಿಯಾಪದಗಳ ಸಾಲಿನಲ್ಲಿ ಬಂದು ಕುಳಿತದ್ದು ನನ್ನ ಮಟ್ಟಿಗೆ ಈ ಪದದ ಎಲ್ಲಕ್ಕಿಂತ ದೊಡ್ಡ ಸಂಗತಿ. ದೇಶವೊಂದು ಹೊರಗಿನವರ ಮಕ್ಕಳಿಗೆ ಪೌರತ್ವವನ್ನು ಕಾನೂನಿನಿಂದ ಕೊಡಬಹುದು, ವ್ಯಾಕರಣದಲ್ಲಿ ಜಾಗ ಕೊಡಬೇಕಾದವರು ಮಾತ್ರ ಆಡುವ ಜನ.

ವೃತ್ತಿಜೀವನದ ದಾರಿ ಉದ್ದವಾದದ್ದು. 1999ರಲ್ಲಿ ಮಾಲ್ಮೊ ಕ್ಲಬ್ಬಿನ ಹಿರಿಯರ ತಂಡಕ್ಕೆ ಅವರು ಕಾಲಿಟ್ಟ ವರ್ಷವೇ ಆ ತಂಡ ಮೇಲಿನ ದರ್ಜೆಯಿಂದ ಕೆಳಗಿಳಿಯಿತು. ಮರುವರ್ಷ ಎರಡನೇ ದರ್ಜೆಯಲ್ಲಿ ಅವರು 12 ಗೋಲು ಹೊಡೆದರು, ತಂಡ ಮೇಲೆ ಬಂದಿತು. 2001ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ ಅವರನ್ನು ಕೊಂಡುಕೊಂಡಾಗ, ಸ್ವೀಡನ್ನಿನ ಕ್ಲಬ್ಬೊಂದು ಆಟಗಾರನೊಬ್ಬನಿಗೆ ಆವರೆಗೆ ಪಡೆದ ಅತಿ ದೊಡ್ಡ ಮೊತ್ತ ಅದಾಗಿತ್ತು. 2004ರ ಆಗಸ್ಟ್‌ನಲ್ಲಿ, ಅಯಾಕ್ಸ್ ಬಿಡುವ ಕೆಲವೇ ದಿನಗಳ ಮೊದಲು, ಬ್ರೆಡಾ ತಂಡದ ಆಟಗಾರರನ್ನು ಒಬ್ಬರಾದ ಮೇಲೊಬ್ಬರಂತೆ ಎಡಕ್ಕೂ ಬಲಕ್ಕೂ ವಾಲಿಸಿ ಕೆಡವಿ, ಹೊಡೆಯುವಂತೆ ನಟಿಸಿ ಹೊಡೆಯದೆ, ಕೊನೆಗೆ ಎಡಗಾಲಿನಿಂದ ಚೆಂಡನ್ನು ಒಳಗೆ ಜಾರಿಸಿದ ಗೋಲು ಇಂದಿಗೂ ನೋಡಲು ಸಿಗುತ್ತದೆ. ಕ್ರಿಯಾಪದದ ಅರ್ಥ ಗೊತ್ತಿಲ್ಲದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಆಮೇಲೆ ಯುವೆಂಟಸ್, ಇಂಟರ್ ಮಿಲಾನ್, ಬಾರ್ಸಿಲೋನಾ, ಮಿಲಾನ್. ಯುವೆಂಟಸ್‌ನೊಂದಿಗೆ ಗೆದ್ದ ಎರಡು ಲೀಗ್ ಪ್ರಶಸ್ತಿಗಳು ಇಟಲಿಯ ಫುಟ್‌ಬಾಲನ್ನು 2006ರಲ್ಲಿ ಅಲುಗಾಡಿಸಿದ ಹಗರಣದಿಂದಾಗಿ ಆ ಕ್ಲಬ್ಬಿನ ಕೈತಪ್ಪಿದವು. ಇಂಟರ್‌ನೊಂದಿಗೆ ಸತತ ಮೂರು ಸಲ ಲೀಗ್ ಗೆದ್ದರು. 2008–09ರಲ್ಲಿ ಇಂಟರ್ ಪರ 25, 2011–12ರಲ್ಲಿ ಮಿಲಾನ್ ಪರ 28 ಗೋಲುಗಳೊಂದಿಗೆ ಇಟಲಿಯ ಲೀಗ್‌ನಲ್ಲಿ ಅಗ್ರಸ್ಥಾನ ಪಡೆದರು. ಪ್ಯಾರಿಸ್ಸಿನ ನಾಲ್ಕು ವರ್ಷಗಳಲ್ಲಿ ನಾಲ್ಕು ಲೀಗ್ ಪ್ರಶಸ್ತಿಗಳು, 180 ಪಂದ್ಯಗಳಲ್ಲಿ 156 ಗೋಲು. ಪದ ಹುಟ್ಟಿದ ಊರಿನಲ್ಲಿ ಅಂಕಿಗಳೂ ಪದಕ್ಕೆ ಒಪ್ಪುವಂತೆಯೇ ಇದ್ದವು. 2017ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪರ ಆಡುವಾಗ ಅವರ ಮೊಣಕಾಲಿಗೆ ತೀವ್ರ ಪೆಟ್ಟಾಯಿತು. 35 ವರ್ಷದವರಿಗೆ ಅದೇ ಕೊನೆಯೆಂದು ಎಲ್ಲರೂ ಎಣಿಸಿದ್ದರು. ಮರುವರ್ಷ ಮಾರ್ಚ್ 31ರಂದು ಲಾಸ್ ಏಂಜಲಿಸ್ ಗ್ಯಾಲಕ್ಸಿ ಪರ ಮೊದಲ ಬಾರಿಗೆ ಬದಲಿ ಆಟಗಾರನಾಗಿ ಇಳಿದ ಅವರು, ಹಿಂದಿದ್ದ ತಂಡಕ್ಕೆ ಸುಮಾರು 40 ಗಜದ ಹೊಡೆತದಿಂದ ಸಮಬಲ ತಂದು, ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಗೋಲು ಹೊಡೆದು 4–3ರಿಂದ ಗೆಲ್ಲಿಸಿದರು. 2020ರಲ್ಲಿ ಮಿಲಾನ್‌ಗೆ ಮರಳಿ, 2022ರಲ್ಲಿ ಆ ತಂಡದೊಂದಿಗೆ ಮತ್ತೊಮ್ಮೆ ಲೀಗ್ ಗೆದ್ದು, 2023ರ ಜೂನ್ 4ರಂದು ಸ್ಯಾನ್ ಸಿರೊ ಮೈದಾನದಲ್ಲಿ ನಿವೃತ್ತಿ ಘೋಷಿಸಿದರು.

ರಾಷ್ಟ್ರೀಯ ತಂಡದ ಪರ 122 ಪಂದ್ಯಗಳಲ್ಲಿ 62 ಗೋಲುಗಳು ಅವರ ಲೆಕ್ಕದಲ್ಲಿವೆ. ಸ್ವೆನ್ ರೈಡೆಲ್ ಎಂಬ ಆಟಗಾರ 1932ರ ಹೊತ್ತಿಗೆ ಸ್ಥಾಪಿಸಿದ್ದ 49 ಗೋಲುಗಳ ದಾಖಲೆಯನ್ನು ಅವರು 2014ರಲ್ಲಿ ದಾಟಿದರು. ಹಾಗೆಂದು ಪದದ ಅರ್ಥವನ್ನು ಗೆಲುವು ಎಂದು ಹಿಗ್ಗಿಸುವುದು ತಪ್ಪಾಗುತ್ತದೆ. ಯುರೋಪಿನ ಚಾಂಪಿಯನ್ಸ್ ಲೀಗ್ ಪ್ರಶಸ್ತಿ ಅವರಿಗೆ ಒಲಿಯಲಿಲ್ಲ. 2002 ಮತ್ತು 2006ರ ವಿಶ್ವಕಪ್‌ಗಳಲ್ಲಿ ಆಡಿದರೂ ಒಂದು ಗೋಲೂ ಬರಲಿಲ್ಲ. 2013ರ ನವೆಂಬರಿನಲ್ಲಿ, ವಿಶ್ವಕಪ್ ಅರ್ಹತೆಯ ಕೊನೆಯ ಪಂದ್ಯದಲ್ಲಿ, ಅದೇ ಸೋಲ್ನಾದ ಮೈದಾನದಲ್ಲಿ ಪೋರ್ಚುಗಲ್ ವಿರುದ್ಧ ಅವರು ನಾಲ್ಕು ನಿಮಿಷಗಳ ಅಂತರದಲ್ಲಿ ಎರಡು ಗೋಲು ಹೊಡೆದರು. ಎದುರಿಗಿದ್ದ ಕ್ರಿಸ್ಟಿಯಾನೊ ರೊನಾಲ್ಡೊ ಮೂರು ಹೊಡೆದರು. ಭಾಷಾ ಮಂಡಳಿಯ ವಿವರಣೆಯಲ್ಲಿ ಬಲದಿಂದ ಸಾಧಿಸುವುದು ಎಂದಿದೆಯೇ ಹೊರತು ಕಪ್ ಗೆಲ್ಲುವುದು ಎಂದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಆಗ ಜಗತ್ತಿನ ಅನೇಕ ಪತ್ರಿಕೆಗಳು ‘ಜ್ಲಾಟನ್ ಹೆಸರು ಸ್ವೀಡಿಷ್ ನಿಘಂಟಿಗೆ ಸೇರಿತು’ ಎಂದು ಬರೆದವು. ಹೊಸ ಪದಗಳ ಪಟ್ಟಿ ನಿಘಂಟಲ್ಲ. ಆ ವರ್ಷ ಜನರ ಬಾಯಲ್ಲಿ ಹೊಸದಾಗಿ ಕೇಳಿಬಂದ ಮಾತುಗಳನ್ನು ಅದು ದಾಖಲಿಸುತ್ತದೆ; ಅವುಗಳಲ್ಲಿ ಯಾವುದು ಬಾಳುತ್ತದೆ, ಯಾವುದು ಬಾಡುತ್ತದೆ ಎಂಬುದನ್ನು ಕಾಲವೇ ಹೇಳಬೇಕು. ಅದೇ ಪಟ್ಟಿಯಲ್ಲಿದ್ದ, ‘ಗೂಗಲ್‌ನಲ್ಲಿ ಹುಡುಕಿದರೂ ಸಿಗದ’ ಎಂಬರ್ಥದ ಪದಕ್ಕೆ ಗೂಗಲ್ ಕಂಪನಿ ಆಕ್ಷೇಪಣೆ ಎತ್ತಿದ್ದರಿಂದ 2013ರಲ್ಲಿ ಮಂಡಳಿಯು ಅದನ್ನು ಪಟ್ಟಿಯಿಂದ ತೆಗೆಯಿತು. ಜ್ಲಾಟನ್ ಅವರ ಪದ ಉಳಿಯಿತು.

ಸ್ವೀಡಿಷರು ತಮ್ಮ ಸ್ವಭಾವವನ್ನು ಹೇಳಲು ಬಳಸುವ ಪದ ‘ಲಾಗೊಮ್’. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂಬ ಅದರ ಅರ್ಥಕ್ಕೆ ಕನ್ನಡದಲ್ಲಿ ‘ಹದ’ ಎಂಬ ಸೊಗಸಾದ ಮಾತಿದೆ. ‘ಜ್ಲಾಟನೇರಾ’ ಅದರ ನೇರ ಎದುರು ದಂಡೆಯಲ್ಲಿ ನಿಲ್ಲುತ್ತದೆ, ಆದ್ದರಿಂದಲೇ ಆ ಭಾಷೆಗೆ ಅದು ಬೇಕಾಯಿತು ಎನಿಸುತ್ತದೆ. ಕನ್ನಡಕ್ಕೆ ‘ಜ್ಲಾಟನಿಸು’ ಎಂಬ ಪದದ ಅಗತ್ಯ ಅಷ್ಟಾಗಿಲ್ಲ. ‘ಮೇಲುಗೈ ಸಾಧಿಸು’ ಎಂದರೆ ಬಲ ಬರುತ್ತದೆ, ಆ ನಿರ್ಲಕ್ಷ್ಯದ ಬೆಡಗು ಬರುವುದಿಲ್ಲ. ನಮ್ಮ ಹುಡುಗರು ಕ್ರಿಕೆಟ್ ನೋಡುತ್ತ ‘ಹೊಡೆದು ಬಿಸಾಕಿದ’ ಎನ್ನುತ್ತಾರಲ್ಲ, ಕಷ್ಟದ ಪರೀಕ್ಷೆಯನ್ನು ಸಲೀಸಾಗಿ ಮುಗಿಸಿ ಬಂದವನನ್ನು ಕುರಿತು ‘ಬರೆದು ಬಿಸಾಕಿದ’ ಎನ್ನುತ್ತಾರಲ್ಲ, ಆ ‘ಬಿಸಾಕು’ ಎಂಬ ಸಹಾಯಕ ಕ್ರಿಯೆಯಲ್ಲಿ ಬಲವೂ ಇದೆ, ಪಟ್ಟ ಶ್ರಮವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ ಗತ್ತೂ ಇದೆ. ಸೋಲ್ನಾದ ಆ ನಾಲ್ಕನೆಯ ಗೋಲನ್ನು ಕನ್ನಡದಲ್ಲಿ ಹೇಳಬೇಕಾದರೆ ನಾನು ಆ ಮಾತನ್ನೇ ಬಳಸುತ್ತೇನೆ.