ಸ್ಪೋರ್ಟ್ಸ್ ಕಾರು ಮಾಡುವವರು ಎಸ್‌ಯುವಿಗೆ ಕೈ ಹಾಕಿದ್ದು ಯಾಕೆ?

ಮದ್ದೂರಿನಲ್ಲಿ ಹೋಟೆಲ್ ಮುಂದೆ ಪೋರ್ಷೆ ಕೇಯೆನ್ ಬಂದು ನಿಂತರೆ ವಡೆ ತಿನ್ನುತ್ತಿದ್ದವರೂ ಎದ್ದು ಬಂದು ನೋಡುತ್ತಾರೆ. ನೋಡಿದವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಪೋರ್ಷೆ ಅಂದ್ರೆ ನೆಲಕ್ಕೆ ಅಂಟಿಕೊಂಡು ಓಡೋ ಕಾರಲ್ವಾ, ಇದ್ಯಾಕೆ ಇಷ್ಟು ಎತ್ತರ?" ಕೇಳಬೇಕಾದ ಪ್ರಶ್ನೆಯೇ.

1990ರ ದಶಕದ ಆರಂಭದಲ್ಲಿ ಪೋರ್ಷೆ ಮುಚ್ಚಿಹೋಗುವ ಸ್ಥಿತಿಗೆ ಬಂದಿತ್ತು. 1986ರಲ್ಲಿ ಅಮೆರಿಕವೊಂದರಲ್ಲೇ 30 ಸಾವಿರಕ್ಕೂ ಜಾಸ್ತಿ ಕಾರು ಮಾರಿದ್ದ ಕಂಪನಿ, 1993ರಲ್ಲಿ ಅಲ್ಲಿ 4 ಸಾವಿರವನ್ನೂ ಮುಟ್ಟಲಿಲ್ಲ. ಮಾದರಿಗಳು ಹಳತಾಗಿದ್ದವು, ತಯಾರಿಕೆ ಖರ್ಚು ಕೈಮೀರಿತ್ತು. ಆಗ ಚುಕ್ಕಾಣಿ ಹಿಡಿದವರು ವೆಂಡೆಲಿನ್ ವೀಡೆಕಿಂಗ್. ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸಿಕೊಳ್ಳುವ ಟೊಯೊಟಾ ಪದ್ಧತಿ ಬಲ್ಲ ಜಪಾನಿ ತಜ್ಞರನ್ನು ಕರೆಸಿದರು. ಕಾರ್ಖಾನೆ ತುಂಬ ಬಿಡಿಭಾಗ ಪೇರಿಸಿಟ್ಟ ಎತ್ತರದ ಕಪಾಟುಗಳು. ಬಂದ ತಜ್ಞರು ವೀಡೆಕಿಂಗ್ ಕೈಗೇ ಗರಗಸ ಕೊಟ್ಟರು. ಮುಖ್ಯಸ್ಥರೇ ನಿಂತು ಕಪಾಟುಗಳ ಮೇಲ್ಭಾಗ ಕತ್ತರಿಸಿ ಹಾಕಿದರು. ಸುಮ್ನೆ ದಾಸ್ತಾನು ಇಡೋದು ಇನ್ನು ಸಾಕು ಅಂತ ಕೆಲಸಗಾರರಿಗೆ ಬೇರೆ ಹೇಳಬೇಕಾಗಲಿಲ್ಲ.

1996ರಲ್ಲಿ ಬಂದ ಬಾಕ್ಸ್‌ಸ್ಟರ್ ಅನ್ನೋ ಸ್ಪೋರ್ಟ್ಸ್ ಕಾರಿನಿಂದ ಕಂಪನಿ ಸ್ವಲ್ಪ ಉಸಿರಾಡಿತು. ಆದರೂ ಬರೀ ಸ್ಪೋರ್ಟ್ಸ್ ಕಾರನ್ನೇ ನಂಬಿ ಕೂತರೆ ಮತ್ತೆ ಮಾರುಕಟ್ಟೆ ಬಿದ್ದಾಗ ಏನು ಗತಿ? ಅದಕ್ಕೇ 1998ರಲ್ಲಿ ಫೋಕ್ಸ್‌ವ್ಯಾಗನ್ ಜೊತೆ ಸೇರಿ ಎಸ್‌ಯುವಿ ಮಾಡುವುದಾಗಿ ಘೋಷಿಸಿದರು. ಅಡಿಪಾಯ ಒಂದೇ, ಗಾಡಿ ಎರಡು: ಅವರದು ಟುವಾರೆಗ್, ಇವರದು ಕೇಯೆನ್. ಜೋಡಣೆಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೊಸ ಕಾರ್ಖಾನೆಯೇ ಎದ್ದಿತು. 2002ರಲ್ಲಿ ಕೇಯೆನ್ ಹೊರಬಂದಾಗ ಹಳೆಯ ಅಭಿಮಾನಿಗಳು ಕೆಂಡಾಮಂಡಲವಾದರು. ಕಂಪನಿ ಹಾಕಿಕೊಂಡಿದ್ದ ಗುರಿ ವರ್ಷಕ್ಕೆ 25 ಸಾವಿರ. 2010ರವರೆಗೆ ಮೊದಲ ತಲೆಮಾರು ಮಾರಾಟವಾಗಿದ್ದು 2 ಲಕ್ಷ 76 ಸಾವಿರಕ್ಕೂ ಜಾಸ್ತಿ. ನನ್ನ ಪ್ರಕಾರ ಪೋರ್ಷೆಯ ಹೆಸರಾಂತ ಸ್ಪೋರ್ಟ್ಸ್ ಕಾರು 911 ಇವತ್ತಿಗೂ ಇಷ್ಟು ಗಟ್ಟಿಯಾಗಿ ಉಳಿದಿರೋದಕ್ಕೆ, ಅಭಿಮಾನಿಗಳು ಬೈದ ಈ ಗಾಡಿ ತಂದ ದುಡ್ಡೂ ದೊಡ್ಡ ಕಾರಣ.

ಎತ್ತರದ ಗಾಡಿ ಅಂದ ಮಾತ್ರಕ್ಕೆ ನಿಧಾನದ್ದಲ್ಲ. ಮೊದಲ ಕೇಯೆನ್ ಟರ್ಬೊದ ತೂಕ ಎರಡೂಕಾಲು ಟನ್‌ಗೂ ಜಾಸ್ತಿ, 4.5 ಲೀಟರ್ ವಿ8 ಎಂಜಿನ್‌ನ ಶಕ್ತಿ 450 ಅಶ್ವಶಕ್ತಿ. 100 ಕಿ.ಮೀ. ವೇಗಕ್ಕೆ 5.6 ಸೆಕೆಂಡು ಸಾಕು. ನನಗೆ ಅದಕ್ಕಿಂತ ಇಷ್ಟವಾಗೋದು ಅದರ ಏರ್ ಸಸ್ಪೆನ್ಷನ್. ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಗುಂಡಿ ಒತ್ತಿದರೆ ಗಾಡಿ ಮೇಲೇಳುತ್ತದೆ, ನೆಲದಿಂದ 273 ಮಿ.ಮೀ. ತನಕ. ವೇಗ ಹೆಚ್ಚಿದಂತೆ ತಾನಾಗಿ ತಗ್ಗುತ್ತದೆ.

ಮಂಡ್ಯ ಕಡೆಯ ಹಳ್ಳಿ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗೆ ದಾರಿ ಬಿಡೋಕೆ ಮಣ್ಣಿಗಿಳಿದವರಿಗೆ, ಎದ್ದುನಿಂತ ಹಂಪ್‌ಗೆ ಹೊಟ್ಟೆ ಉಜ್ಜಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಇಲ್ಲಿ 911 ಓಡಿಸೋದು ಕಷ್ಟ, ಕೇಯೆನ್ ಆರಾಮ. ಅದೇ ದಾರಿಯಲ್ಲಿ ಆಮೇಲೆ ಬೇರೆಯವರೂ ಬಂದರು: 2017ರಲ್ಲಿ ಲ್ಯಾಂಬೋರ್ಗಿನಿ ಉರುಸ್, 2022ರಲ್ಲಿ ಫೆರಾರಿಯ ಪುರೊಸಾಂಗ್ವೆ.

ಆದರೆ ಆ 5.6 ಸೆಕೆಂಡಿನ ಮಾತಿಗೆ ನಮ್ಮ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅಲ್ಲಿಗೇ ತೆರೆ. 2023ರ ಮಾರ್ಚ್‌ನಲ್ಲಿ ರಸ್ತೆ ಉದ್ಘಾಟನೆಯಾದ ಮೇಲೆ ಅಪಘಾತಗಳಲ್ಲಿ ಜನ ಸತ್ತರು, ಪೊಲೀಸರು 100 ಕಿ.ಮೀ. ಮಿತಿಯನ್ನು ಬಿಗಿಮಾಡಿದರು, ಕ್ಯಾಮೆರಾ ಕಣ್ಣಿಟ್ಟರು. ಅದೇ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವಂತಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರೈತನ ಟ್ರ್ಯಾಕ್ಟರ್ ಅಷ್ಟು ಬಿಟ್ಟುಕೊಟ್ಟ ಮೇಲೆ, ಕೋಟಿ ಬೆಲೆಯ ಗಾಡಿಯವರು 100ರ ಒಳಗೆ ಓಡಿಸೋದನ್ನು ದೊಡ್ಡ ತ್ಯಾಗ ಅನ್ನಬಾರದು.