ಡ್ರಿಪ್ಪಿನಿಂದ ಲೋಟಕ್ಕೆ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಜನರಿಂದ ಪಶ್ಚಿಮ ಬಂಗಾಳದ ಗಡಿಯ ಶಿಬಿರಗಳು ಕಿಕ್ಕಿರಿದಿದ್ದಾಗ ಕಾಲರಾ ಹಬ್ಬಿತು. ಬಂಗಾಂವ್ ಆಸ್ಪತ್ರೆಯಲ್ಲಿದ್ದದ್ದು ಎರಡು ಕೋಣೆ, 16 ಹಾಸಿಗೆ. ಉಳಿದವರೆಲ್ಲ ನೆಲದ ಮೇಲೆ. ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಆ ವಾಂತಿಭೇದಿಯಲ್ಲೇ ಮೊಣಕಾಲೂರಿ ಕೂತು ಡ್ರಿಪ್ ಹಾಕಬೇಕಿತ್ತು. ಸಲೈನ್ ಬಾಟಲಿಗಳು ಬೇಗನೆ ಖಾಲಿಯಾಗುತ್ತ ಬಂದವು. ಡ್ರಿಪ್ ಹಾಕಬಲ್ಲವರೂ ಸಾಕಷ್ಟಿರಲಿಲ್ಲ.

ಕಾಲರಾ ರೋಗಿ ಸಾಯುವುದು ಮೈಯ ನೀರು, ಉಪ್ಪು ಬಸಿದುಹೋಗಿ. ಬರಿಯ ಉಪ್ಪುನೀರು ಕುಡಿಸಿದರೆ ಪ್ರಯೋಜನವಿಲ್ಲ, ಅದೂ ಹಾಗೇ ಹೊರಗೆ ಹೋಗುತ್ತದೆ. ಆದರೆ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿಯೇ ಒಳಗೆ ಬಿಟ್ಟುಕೊಳ್ಳುವ ಪ್ರೋಟೀನೊಂದಿದೆ. ಕಾಲರಾದ ವಿಷ ಇದನ್ನು ಕೆಡಿಸುವುದಿಲ್ಲ. ಇವೆರಡು ಒಳಹೋದರೆ ನೀರೂ ಹಿಂದೆಯೇ ಹೋಗುತ್ತದೆ. ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸುವ ಈ ಚಿಕಿತ್ಸೆಯನ್ನು (ಇಂದಿನ ಓಆರ್‌ಎಸ್) ಕಂಡುಹಿಡಿದವರು ಮಹಾಲನಬಿಸ್ ಅಲ್ಲ. 1960ರ ದಶಕದಲ್ಲೇ ಢಾಕಾ, ಕಲ್ಕತ್ತಗಳ ಆಸ್ಪತ್ರೆಗಳಲ್ಲಿ ಇದರ ಪರೀಕ್ಷೆ ನಡೆದಿತ್ತು. ಆದರೆ ಅಲ್ಲೆಲ್ಲ ಅಳೆದು ಕೊಡಲು ಪಳಗಿದ ಸಿಬ್ಬಂದಿ ಇದ್ದರು.

ಬಂಗಾಂವ್‌ನಲ್ಲಿ ಮಹಾಲನಬಿಸ್ ಎಷ್ಟು ಕುಡಿಸಬೇಕೆಂಬ ಅಳತೆಯನ್ನು ರೋಗಿಯ ಕಡೆಯವರಿಗೇ ಬಿಟ್ಟರು. ನನಗೆ ನಿಜವಾದ ಧೈರ್ಯ ಕಾಣುವುದು ಇಲ್ಲಿ. ಕಲ್ಕತ್ತದ ಜಾನ್ಸ್ ಹಾಪ್ಕಿನ್ಸ್ ಕೇಂದ್ರದ ಗ್ರಂಥಾಲಯವೇ ಪೊಟ್ಟಣ ಕಟ್ಟುವ ಜಾಗವಾಯಿತು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅದನ್ನು ಪಾಲಿಥಿನ್ ಚೀಲಕ್ಕೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಬಾಯಿ ಮುಚ್ಚುತ್ತಿದ್ದರು. ಶಿಬಿರದಲ್ಲಿ ಡ್ರಮ್ಮಿನ ನೀರಿಗೆ ಕದಡಿದರೆ ಸಾಕು, ತಾಯಂದಿರು, ಅಣ್ಣ ತಮ್ಮಂದಿರು ಲೋಟದಲ್ಲಿ ಹಿಡಿದು ಕುಡಿಸುತ್ತ ಕೂರುತ್ತಿದ್ದರು. ಇದ್ದಷ್ಟು ಸಲೈನ್ ತೀರಾ ನಿತ್ರಾಣವಾದವರಿಗೆ ಮೀಸಲು.

ಶಿಬಿರಗಳಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಇವರು ನೋಡಿಕೊಂಡ ರೋಗಿಗಳಲ್ಲಿ 4ಕ್ಕಿಂತ ಕೆಳಗಿಳಿಯಿತು. ಆದರೂ ವೈದ್ಯರು ತಕ್ಷಣ ಒಪ್ಪಲಿಲ್ಲ. ಸೂಜಿಯಿಲ್ಲದ, ಅಡುಗೆಮನೆಯ ಸಾಮಾನಿನ ಚಿಕಿತ್ಸೆಯನ್ನು ಚಿಕಿತ್ಸೆ ಎನ್ನಲು ಅವರಿಗೇ ಕಷ್ಟ! ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ಧೀಮಾನ್ ಬರುವಾ ಶಿಬಿರಕ್ಕೆ ಬಂದು ಕಣ್ಣಾರೆ ನೋಡಿ, ಇದರ ಪರ ನಿಂತರು. 2022ರಲ್ಲಿ ತೀರಿಕೊಂಡ ಮಹಾಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು ಮರುವರ್ಷ.

ಪೊಟ್ಟಣದೊಳಗಿನ ಲೆಕ್ಕ ಈಗ ಬದಲಾಗಿದೆ. 2002ರಿಂದ ಉಪ್ಪು, ಗ್ಲೂಕೋಸ್ ಎರಡೂ ಕಡಿಮೆ. ಪೊಟ್ಯಾಸಿಯಂ, ಸಿಟ್ರೇಟ್ ಕೂಡ ಇವೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವವರೂ, ರುಚಿಗೆಂದು ಮೇಲೊಂದಿಷ್ಟು ಸಕ್ಕರೆ ಹಾಕುವವರೂ ಇದ್ದಾರೆ. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ಒಳಗೆಳೆಯುವ ಬದಲು ಹೊರಕ್ಕೆ ಬಿಡುತ್ತದೆ, ಭೇದಿ ಇನ್ನೂ ಜೋರಾಗುತ್ತದೆ.